ಸ್ತನದ ಎಂಆರ್‌ಐ: ಗಂಟು ನಿರಪಾಯವೋ ಕ್ಯಾನ್ಸರೋ, ಓದುವ ಬಗೆ

ಸ್ಕ್ಯಾನ್ ಕೆಟ್ಟರೆ ಎಷ್ಟು ನುರಿತವರು ಓದಿದರೂ ಉಪಯೋಗವಿಲ್ಲ, ಹಾಗಾಗಿ ಅದೇ ಮೊದಲು. ಮುಟ್ಟು ಇನ್ನೂ ನಿಲ್ಲದವರಿಗೆ ಮುಟ್ಟಾದ 7ರಿಂದ 14ನೇ ದಿನದೊಳಗೆ ಸ್ಕ್ಯಾನ್ ಗೊತ್ತುಮಾಡಿ. ಬೇರೆ ದಿನಗಳಲ್ಲಿ ಸಹಜ ಅಂಗಾಂಶವೇ ಕಾಂಟ್ರಾಸ್ಟ್ (ಚಿತ್ರದಲ್ಲಿ ಬೆಳಗಲು ರಕ್ತನಾಳಕ್ಕೆ ಕೊಡುವ ಔಷಧ) ಹೀರಿ ಬೆಳ್ಳಗಾಗಿ ಗಂಟನ್ನು ಮರೆಮಾಡಬಹುದು. ಕ್ಯಾನ್ಸರ್ ಎಂದು ಈಗಾಗಲೇ ಖಚಿತವಾಗಿದ್ದರೆ ಮಾತ್ರ ದಿನ ಎಣಿಸುತ್ತಾ ಕೂರಬೇಡಿ. ಬೋರಲು ಮಲಗಿಸಿ, ಎರಡೂ ಸ್ತನಗಳು ಸಿಗ್ನಲ್ ಹಿಡಿಯುವ ಕಾಯಿಲ್‌ನೊಳಗೆ ಪೂರ್ತಿ ಇಳಿದಿರಲಿ, ಚರ್ಮ ಮಡಿಚದಿರಲಿ.

ಟಿ2 (ನೀರು ಬೆಳ್ಳಗೆ ಕಾಣುವ ಚಿತ್ರ), ಡಿಫ್ಯೂಷನ್ (ಅಂಗಾಂಶದಲ್ಲಿ ನೀರಿನ ಕಣಗಳ ಚಲನೆ ತೋರಿಸುವ ಚಿತ್ರ), ಕಾಂಟ್ರಾಸ್ಟ್‌ಗೆ ಮುಂಚಿನ ಟಿ1 (ಕಾಂಟ್ರಾಸ್ಟ್ ಬೆಳ್ಳಗೆ ಕಾಣುವ ಬಗೆಯ ಚಿತ್ರ) ಮುಗಿದ ಮೇಲೆ ಕಾಂಟ್ರಾಸ್ಟ್ ಔಷಧವಾದ ಗ್ಯಾಡೊಲಿನಿಯಂ: ಕೆಜಿ ತೂಕಕ್ಕೆ 0.1 ಮಿಲಿಮೋಲ್, ಸೆಕೆಂಡಿಗೆ 2 ಮಿ.ಲೀ. ವೇಗದಲ್ಲಿ, ಹಿಂದೆಯೇ 20 ಮಿ.ಲೀ. ಸಲೈನ್. ಚಿತ್ರದ ಪ್ರತಿ ಪದರದ (ಸ್ಲೈಸ್) ದಪ್ಪ 3 ಮಿ.ಮೀ. ಮೀರಬಾರದು. ಕ್ಯಾನ್ಸರ್ ಸಾಮಾನ್ಯವಾಗಿ ಮೊದಲ 2 ನಿಮಿಷದೊಳಗೇ ಬೆಳಗುವುದರಿಂದ ಆ ಹೊತ್ತಿನ ಚಿತ್ರ ತಪ್ಪಿಸಿಕೊಂಡರೆ ಮುಂದಿನ ಲೆಕ್ಕವೆಲ್ಲ ಹಾಳು.

ಓದುವಾಗ ಆಕಾರಕ್ಕೇ ಮೊದಲ ಮಾತು. ದುಂಡಗೆ ಅಥವಾ ಅಂಡಾಕಾರವಾಗಿ, ಅಂಚು ನುಣುಪಾಗಿ, ಒಳಗೆ ಬೆಳಗದ ಕಪ್ಪು ಗೆರೆಗಳಿದ್ದರೆ ಫೈಬ್ರೋಅಡಿನೋಮಾ (ಕ್ಯಾನ್ಸರಲ್ಲದ ಗಂಟು) ಕಡೆಗೆ ಒಲವು. ಅಂಚು ಮುಳ್ಳುಮುಳ್ಳಾಗಿದ್ದರೆ, ಸುತ್ತಲಂಚು ಮಾತ್ರ ಉಂಗುರದಂತೆ ಬೆಳಗಿದರೆ ಕ್ಯಾನ್ಸರ್ ಶಂಕೆ ಬಲವಾಗುತ್ತದೆ. ಉರಿಯೂತವಿರುವ ಸಿಸ್ಟ್ (ನೀರು ತುಂಬಿದ ಚೀಲ), ಕೊಬ್ಬಿನ ನೆಕ್ರೋಸಿಸ್ (ಸತ್ತ ಕೊಬ್ಬು) ಕೂಡ ಉಂಗುರ ತೋರಿಸುತ್ತವೆ. ಟಿ2ರಲ್ಲಿ ನೀರು, ಕೊಬ್ಬು ಅಳಿಸದ ಟಿ1ರಲ್ಲಿ ನಡುವೆ ಕೊಬ್ಬು ಇದೆಯೇ ನೋಡಿ. ಸಬ್‌ಟ್ರಾಕ್ಷನ್ (ಕಾಂಟ್ರಾಸ್ಟ್ ನಂತರದ ಚಿತ್ರದಿಂದ ಮುಂಚಿನದನ್ನು ಕಳೆದ) ಚಿತ್ರವೊಂದನ್ನೇ ನಂಬಬೇಡಿ: ರೋಗಿ ಸ್ವಲ್ಪ ಅಲುಗಿದರೂ ಇಲ್ಲದ ಬೆಳಕು ಹುಟ್ಟುತ್ತದೆ. ಮೂಲ ಚಿತ್ರ ತೆರೆದು ತಾಳೆ ನೋಡಿ.

ಆಮೇಲೆ ಕರ್ವ್, ಅಂದರೆ ಹೊತ್ತು ಕಳೆದಂತೆ ಗಂಟಿನ ಸಿಗ್ನಲ್ ಏರಿಳಿಯುವುದನ್ನು ತೋರಿಸುವ ಗೆರೆ. ಅತಿ ಬೇಗ ಬೆಳಗಿದ ಜಾಗದಲ್ಲಿ ಕನಿಷ್ಠ 3 ಪಿಕ್ಸೆಲ್‌ನ ಆರ್‌ಓಐ (ಅಳೆಯಲು ಗುರುತಿಸುವ ಜಾಗ) ಇಡಿ. ಇಡೀ ಗಂಟಿಗೆ ಸುತ್ತಿದರೆ ಸತ್ತ ಭಾಗವೂ ಸೇರಿ ಸರಾಸರಿ ಮಂಕಾಗುತ್ತದೆ. ಸುಮಾರು 2 ನಿಮಿಷದ ನಂತರ ಸಿಗ್ನಲ್ ಶೇ. 10ಕ್ಕಿಂತ ಹೆಚ್ಚು ಏರುತ್ತಲೇ ಹೋದರೆ ಟೈಪ್ 1, ಆ ಮಿತಿಯೊಳಗೆ ನಿಂತರೆ ಟೈಪ್ 2, ಶೇ. 10ಕ್ಕಿಂತ ಹೆಚ್ಚು ಇಳಿದರೆ ಟೈಪ್ 3. 1999ರಲ್ಲಿ ಜರ್ಮನಿಯ ರೇಡಿಯಾಲಜಿಸ್ಟ್ ಕ್ರಿಸ್ಟಿಯಾನೆ ಕುಲ್ ಅವರ ತಂಡ ಪ್ರಕಟಿಸಿದ 266 ಗಂಟುಗಳ ಅಧ್ಯಯನದಲ್ಲಿ ಈ ಮೂರರಲ್ಲಿ ಕ್ಯಾನ್ಸರ್ ಇದ್ದದ್ದು ಕ್ರಮವಾಗಿ ಶೇ. 6, 64, 87. ಆ ಶೇ. 6ನ್ನು ಮರೆಯಲೇಬಾರದು. ಅತ್ತ ಸ್ತನದೊಳಗಿನ ಸಹಜ ದುಗ್ಧರಸ ಗ್ರಂಥಿಯೂ (ಲಿಂಫ್ ನೋಡ್) ಟೈಪ್ 3 ತೋರಿಸುತ್ತದೆ. ಹುರುಳಿಕಾಳಿನ ಆಕಾರ, ನಡುವಿನ ಕೊಬ್ಬು ಅದರ ಗುರುತು. ಹಾಲಿನ ನಾಳದೊಳಗೇ ಇರುವ ಆರಂಭದ ಹಂತದ ಕ್ಯಾನ್ಸರ್ ಡಿಸಿಐಎಸ್‌ನಲ್ಲಂತೂ ಕರ್ವ್‌ಗೆ ಬೆಲೆ ಕಡಿಮೆ. ಬೆಳಕು ನಾಳದ ಜಾಡು ಹಿಡಿದು ಗೊಂಚಲುಗೊಂಚಲಾಗಿ ಹರಡಿದೆಯೇ ಎಂಬುದೇ ಮುಖ್ಯ.

ಡಿಫ್ಯೂಷನ್‌ಗೆ ಬಿ-800 (ಡಿಫ್ಯೂಷನ್ ಸ್ಕ್ಯಾನ್‌ನ ತೀವ್ರತೆಯ ಮಟ್ಟ) ಸಾಕು. ಎಡಿಸಿ (ನೀರಿನ ಕಣಗಳ ಚಲನೆಯ ಅಳತೆ) ನಕ್ಷೆಯಲ್ಲಿ ಗಂಟಿನ ಅತಿ ಕಪ್ಪು ಭಾಗವನ್ನು ಅಳೆಯಿರಿ. ಆ ಭಾಗ ಕಾಂಟ್ರಾಸ್ಟ್‌ನಲ್ಲಿ ಬೆಳಗಿರಬೇಕು. 1.3 × 10⁻³ ಚದರ ಮಿ.ಮೀ./ಸೆಕೆಂಡ್‌ಗಿಂತ ಕೆಳಗಿದ್ದರೆ ಶಂಕೆ ಹೆಚ್ಚು. ಕೀವುಗಟ್ಟಿದ ಗಂಟಿನಲ್ಲೂ ಸಂಖ್ಯೆ ಇಳಿಯುತ್ತದೆ. ಇದಕ್ಕೆ ಉಲ್ಟಾ, ಮ್ಯೂಸಿನಸ್ (ಲೋಳೆ ತುಂಬಿದ) ಕ್ಯಾನ್ಸರ್ ಟಿ2ರಲ್ಲಿ ಬೆಳ್ಳಗೆ, ಎಡಿಸಿ ಎತ್ತರವಾಗಿ, ಫೈಬ್ರೋಅಡಿನೋಮಾದ ವೇಷದಲ್ಲಿ ಕೂತಿರುತ್ತದೆ.

ಆಕಾರ, ಕರ್ವ್, ಎಡಿಸಿ ಮೂರೂ ಒಂದೇ ಮಾತು ಹೇಳದಿದ್ದರೆ ಅತಿ ಕೆಟ್ಟ ಲಕ್ಷಣದ ಮಾತು ಕೇಳಿ. ಅಂಚು ಮುಳ್ಳಾಗಿದ್ದರೆ ಟೈಪ್ 1 ಕರ್ವ್ ಬಯಾಪ್ಸಿ ತಪ್ಪಿಸಲು ಕಾರಣವಾಗದು. ಮೊದಲು ಅದೇ ಜಾಗಕ್ಕೆ ಮತ್ತೆ ಅಲ್ಟ್ರಾಸೌಂಡ್ ಮಾಡಿ. ಅಲ್ಲಿ ಕಾಣದಿದ್ದರೆ ಎಂಆರ್‌ಐ ನೋಡುತ್ತಲೇ ಸೂಜಿ ಹಾಕಿ. ಬಯಾಪ್ಸಿ ವರದಿ ನಿರಪಾಯವೆಂದು ಬಂದು, ಚಿತ್ರ ಅದಕ್ಕೆ ಹೊಂದದಿದ್ದರೆ ಸೂಜಿ ಗುರಿ ತಪ್ಪಿರಬಹುದು: ಮತ್ತೊಮ್ಮೆ ತುಣುಕು ತೆಗೆಯಿರಿ.