ಎಮ್ಮೆಗೆ ನಾನು ಕಪ್ಪು ಬಣ್ಣ ಹಚ್ಚುವುದಿಲ್ಲ

ವಾರವೆಲ್ಲಾ ಬಳ್ಳಾರಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಸ್ವಲ್ಪ ಹೊತ್ತು ಮತ್ತು ರಜೆಯ ದಿನ ಚಿತ್ರ ಬಿಡಿಸುತ್ತೇನೆ. ಎತ್ತು, ಎಮ್ಮೆ, ಕುರಿ, ಇಷ್ಟೇ ನನ್ನ ವಿಷಯ. ಹಳ್ಳಿಯಲ್ಲಿ ಅವುಗಳ ಜೊತೆಗೇ ಬೆಳೆದವನು, ಬೇರೆ ಯಾವುದೂ ನನ್ನನ್ನು ಇಷ್ಟು ಎಳೆಯುವುದಿಲ್ಲ.

ದನ ನೋಡುವುದನ್ನು ಕಲಿಸಿದ್ದು ಸಂತೆ. ಎತ್ತು ಕೊಳ್ಳಲು ಬಂದ ರೈತ ಮುಖದ ಚಂದಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಹಿಂದೆ ನಿಂತು ನಡೆಸಿ ನೋಡುತ್ತಾನೆ. "ಭಾರ ಯಾವ ಕಾಲಿಗೆ ಹಾಕೈತಿ ನೋಡಪಾ" ಎಂದು ಒಬ್ಬ ಹಿರಿಯರು ಹೇಳಿದ್ದರು. ನಾನೂ ಗೊರಸಿನಿಂದಲೇ ಶುರು ಮಾಡುತ್ತೇನೆ. ಆಮೇಲೆ ಸೊಂಟದ ಮೂಳೆ, ಬೆನ್ನು, ಡುಬ್ಬ. ತಲೆ ಕೊನೆಗೆ. ಅಭ್ಯಾಸಕ್ಕೆ ಮಲಗಿ ಮೆಲುಕು ಹಾಕುವ ದನ ಬಹಳ ಒಳ್ಳೆಯದು, ಅಲುಗಾಡುವುದು ಕಡಿಮೆ. ಎದ್ದೇಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಆ ಒಂದು ಕ್ಷಣದಲ್ಲಿ ಇಡೀ ಮೈಯ ತೂಕ ಕಾಣುತ್ತದೆ.

ಮೊಬೈಲ್ ಫೋಟೋ ನೋಡಿ ಬಿಡಿಸುವವರು ಹತ್ತಿರ ನಿಂತು ತೆಗೆಯಬೇಡಿ. ಮೂತಿ ದೊಡ್ಡದಾಗಿ, ಹಿಂಭಾಗ ಚಿಕ್ಕದಾಗಿ ಬರುತ್ತದೆ. ದೂರ ಸರಿದು, ದನದ ಹೊಟ್ಟೆಯ ಎತ್ತರಕ್ಕೆ ಕೂತು ಜೂಮ್ ಮಾಡಿ.

ಈಗ ಎಮ್ಮೆಯ ಬಣ್ಣ. ಟ್ಯೂಬಿನ ಕಪ್ಪು ಹಚ್ಚಿದರೆ ಎಮ್ಮೆ ಬಟ್ಟೆಯಲ್ಲಿ ಬಿದ್ದ ತೂತಿನ ಹಾಗೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಎಂಬ ಗಾಢ ಕಂದು ಕಲಸಿದರೆ ಜೀವ ಇರುವ ಕಪ್ಪು ಸಿಗುತ್ತದೆ. ನೀಲಿ ಜಾಸ್ತಿ ಮಾಡಿದರೆ ನೆರಳು, ಕಂದು ಜಾಸ್ತಿ ಮಾಡಿದರೆ ಬಿಸಿಲು ತಾಗಿದ ಪಕ್ಕೆ. ಎಮ್ಮೆಗೆ ಕೂದಲು ಕಡಿಮೆ ಅಲ್ವಾ, ಕೆರೆಯಿಂದ ಎದ್ದು ಬಂದಾಗ ಒದ್ದೆ ಬೆನ್ನಿನ ಮೇಲೆ ಆಕಾಶವೇ ಹೊಳೆಯುತ್ತದೆ. ಅಲ್ಲಿ ಸ್ವಲ್ಪ ಬಿಳಿ ಬೆರೆಸಿದ ತಿಳಿ ನೀಲಿ ಹಚ್ಚಲೇಬೇಕು. ನಮ್ಮ ಎರೆ ಭೂಮಿಗೂ ಇದೇ ಎರಡು ಬಣ್ಣ ಬಳಸುತ್ತೇನೆ, ಕಂದು ಮುಂದು ಮಾಡಿ.

ಬಳ್ಳಾರಿ ಬಿಸಿಲಿಗೆ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗಿಬಿಡುತ್ತದೆ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಕಲಸಿ.

ಬಳ್ಳಾರಿ ಪಕ್ಕದ ಸಂಗನಕಲ್ಲು ಹತ್ತಿರದ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಬಂಡೆ ಕುಟ್ಟಿ ಮೂಡಿಸಿದ ಗೂಳಿಗಳಿವೆ. ಉದ್ದ ಕೊಂಬು, ಎದ್ದ ಡುಬ್ಬ, ಅಷ್ಟೇ. ಕಣ್ಣು ಮೂಗು ಇಲ್ಲದೆಯೂ ಗೂಳಿ ಎಂದು ಕೂಡಲೇ ಗೊತ್ತಾಗುತ್ತದೆ. ನಾನೂ ಹೊರಗೆರೆ ಸರಿ ಬರುವ ತನಕ ಬಣ್ಣ ಮುಟ್ಟುವುದಿಲ್ಲ.

ಕಾರಹುಣ್ಣಿಮೆ ಹತ್ತಿರ ಬಂದರೆ ತಮ್ಮ ಎತ್ತಿನ ಜೋಡಿ ಬರೆದುಕೊಡಿ ಎಂದು ರೈತರು ಕೇಳುತ್ತಾರೆ. ಆಗ ಮೊದಲು ಕೇಳುವುದು, ಎಡಕ್ಕೆ ಕಟ್ಟುವುದು ಯಾವುದು, ಬಲಕ್ಕೆ ಯಾವುದು ಅಂತ. ಅದು ಅದಲುಬದಲಾದ ಚಿತ್ರವನ್ನು ಯಾವ ರೈತನೂ ಗೋಡೆಗೆ ಹಾಕುವುದಿಲ್ಲ.