ಬೌರಾನ್ ಕಲಿಕೆ: ಒಂದೇ ಕೋಲು, ಎರಡು ದಿಕ್ಕಿನ ಪೆಟ್ಟು

ಐರ್ಲೆಂಡಿನ ಬೌರಾನ್ ನಮ್ಮ ತಮಟೆಯ ದೂರದ ನೆಂಟ. ಮರದ ಬಳೆ, ಒಂದು ಮುಖಕ್ಕೆ ಆಡಿನ ಚರ್ಮ, ಹಿಂಬದಿ ಖಾಲಿ. ತಮಟೆಗೆ ಎರಡು ಕೋಲು, ಇದಕ್ಕೆ ಒಂದೇ. ಆ ಒಂದೇ ಕೋಲು ಕೆಳಗಿಳಿಯುವಾಗಲೂ ನುಡಿಯಬೇಕು, ಮೇಲೇರುವಾಗಲೂ ನುಡಿಯಬೇಕು. ಮೃದಂಗವನ್ನೋ ತಬಲಾವನ್ನೋ ಒಂದಷ್ಟು ದಿನ ಕಲಿತವರಿಗೆ ಇದರ ಲೆಕ್ಕ ಒಂದು ಸಂಜೆಯಲ್ಲಿ ತಲೆಗೆ ಹೋಗುತ್ತದೆ. ತಿಂಗಳುಗಟ್ಟಲೆ ಕಾಡುವುದು ಮೇಲೇರುವ ಪೆಟ್ಟು. ಅದು ಸರಿಹೋಗುವವರೆಗೆ ಬೇರೆ ಯಾವ ಕಸರತ್ತಿಗೂ ಕೈ ಹಾಕಬೇಡಿ.

ಹಾಸನ, ಚಿಕ್ಕಮಗಳೂರಿನವರಿಗೆ ಇನ್ನೊಂದು ತಲೆನೋವು ಹವೆ. ಅದನ್ನು ಕೊನೆಯಲ್ಲಿ ಬಿಡಿಸಿ ಬರೆದಿದೆ. ವಾದ್ಯ ಕೊಳ್ಳುವ ಮೊದಲೇ ಆ ಭಾಗ ಓದಿಕೊಳ್ಳುವುದು ಒಳ್ಳೆಯದು.

ವಾದ್ಯ, ಕೋಲು

ಹೊಸಬರಿಗೆ 15ರಿಂದ 16 ಅಂಗುಲ ಅಗಲ, 4ರಿಂದ 6 ಅಂಗುಲ ಆಳದ ಬಳೆ ಸಾಕು. ಒಳಗಡೆ ತಿರುಪುಗಳಿದ್ದು ಅಲೆನ್ ಕೀಯಿಂದ ಚರ್ಮ ಬಿಗಿಮಾಡುವಂತಿರಬೇಕು. ಹಿಂಬದಿಯಲ್ಲಿ ಅಡ್ಡಪಟ್ಟಿ ಇರಬಾರದು, ಇದ್ದರೆ ಬಿಚ್ಚಲು ಬರಬೇಕು. ಎಡಗೈ ಒಳಗೆ ಓಡಾಡಲು ಅದು ಅಡ್ಡ. ಮೂರೆಲೆ ಚಿಗುರಿನ ಚಿತ್ರ ಬಿಡಿಸಿ, ಸುತ್ತ ಮೊಳೆ ಹೊಡೆದು ಮಾರುವ ನೆನಪಿನ ಕಾಣಿಕೆಗಳು ಗೋಡೆಗೆ ಚೆಂದ. ಅವುಗಳ ಚರ್ಮ ದಪ್ಪ, ಬಿಗಿ ಮಾಡಲು ದಾರಿಯಿಲ್ಲ. ಜೂನ್ ತಿಂಗಳಲ್ಲಿ ಒದ್ದೆ ರಟ್ಟು ಬಡಿದ ಸದ್ದು ಬರುತ್ತದೆ.

ಕೋಲಿಗೆ ಅಲ್ಲಿ ಟಿಪ್ಪರ್ ಅನ್ನುತ್ತಾರೆ. 22ರಿಂದ 23 ಸೆಂಟಿಮೀಟರ್ ಉದ್ದ, 10ರಿಂದ 12 ಮಿಲಿಮೀಟರ್ ದಪ್ಪ, ತೂಕ 15ರಿಂದ 20 ಗ್ರಾಂ ಇದ್ದರೆ ಕಲಿಕೆಗೆ ಹದ. ಕಾಫಿ ಗಿಡದ ರೆಂಬೆ ಸವರುವಾಗ ಸಿಗುವ ನೇರ ಕೊಂಬೆಯನ್ನು ನೆರಳಲ್ಲಿ ಎರಡು ಮೂರು ತಿಂಗಳು ಒಣಗಿಸಿ, ಸಿಪ್ಪೆ ತೆಗೆದು, ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಒಳ್ಳೆಯ ಕೋಲೇ ಆಗುತ್ತದೆ. ಮರ ಗಟ್ಟಿ, ತೂಕವೂ ಸರಿ. ಸಿಲ್ವರ್ ಓಕ್ ಮೆದು, ಬೇಡ. ಎರಡೂ ತುದಿ ಪೂರ್ತಿ ಉರುಟಾಗಿರಬೇಕು. ಕೊನೆಯಲ್ಲಿ ಏಣು ಉಳಿದರೆ ಚರ್ಮದ ಮೇಲೆ ಗೀರು ಬೀಳುತ್ತದೆ, ಮೇಲೇರುವ ಪೆಟ್ಟು ಅಲ್ಲೇ ತಡೆಯುತ್ತದೆ.

ಕೂರುವುದು, ಹಿಡಿಯುವುದು

ಕೈಯಿಲ್ಲದ ಕುರ್ಚಿಯಲ್ಲಿ ತೊಡೆ ನೆಲಕ್ಕೆ ಸಮನಾಗಿರುವಂತೆ ಕೂರಿ. ಬೌರಾನನ್ನು ಎಡತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಬಳೆಯ ಮೇಲ್ಭಾಗವನ್ನು ಎಡತೋಳಿನಿಂದ ಮೈಗೆ ಒತ್ತಿಕೊಳ್ಳಿ. ಚರ್ಮ ಬಲಕ್ಕೆ ತಿರುಗಿರಲಿ. ಎಡ ಅಂಗೈ ಒಳಗಿನಿಂದ ಚರ್ಮಕ್ಕೆ ಮೆಲ್ಲಗೆ ತಾಗಿರಲಿ. ವಾದ್ಯದ ಭಾರವನ್ನು ತೋಳೇ ಹೊರಬೇಕು. ಬೆರಳು ಬಳೆಯನ್ನು ಹಿಡಿದುಕೊಂಡರೆ ಎಡಗೈಗೆ ಬೇರೆ ಕೆಲಸ ಮಾಡಲಾಗುವುದಿಲ್ಲ. ಎಡಚರಿಗೆ ಇದೆಲ್ಲ ಅದಲುಬದಲು.

ಕೋಲನ್ನು ನಡುವಿಗಿಂತ ಸ್ವಲ್ಪ ಮೇಲೆ, ಹೆಬ್ಬೆರಳಿನ ಮೆತ್ತೆಗೂ ತೋರುಬೆರಳಿನ ಪಕ್ಕಕ್ಕೂ ನಡುವೆ ಪೆನ್ನಿನ ಹಾಗೆ ಹಿಡಿಯಿರಿ. ಮಧ್ಯದ ಬೆರಳು ಕೆಳಗಿನಿಂದ ಆತುಕೊಳ್ಳಲಿ. ಈಗ ಮಣಿಕಟ್ಟನ್ನು ಒಳಕ್ಕೆ ಮಡಿಸಿ, ಬರೆಯುವ ತುದಿ ನಿಮ್ಮ ಎದೆಯ ಕಡೆ ತಿರುಗುವ ಹಾಗೆ ಮಾಡಿ. ಮೊದಮೊದಲು ಕೈ ತಿರುಚಿದಂತೆ ಅನ್ನಿಸುತ್ತದೆ, ಹಿಡಿತ ಸರಿ ಇರುವುದರ ಗುರುತೇ ಅದು. ತಮಟೆ ಅಭ್ಯಾಸ ಇದ್ದವರು ಇಲ್ಲಿ ತಪ್ಪುತ್ತಾರೆ. ಕೋಲಿನ ತುದಿಯನ್ನು ಹೊರಕ್ಕೆ ಚಾಚಿ ಬಡಿಯುತ್ತಾರೆ, ಆಗ ಮೇಲ್ಪೆಟ್ಟು ಹುಟ್ಟುವುದೇ ಇಲ್ಲ.

ಚಲನೆ ಬರುವುದು ಮಣಿಕಟ್ಟು ಮತ್ತು ಮುಂಗೈ ತಿರುಗುವುದರಿಂದ. ಕೈ ತೊಳೆದು ಬೆರಳಿನ ನೀರು ಕೊಡವುತ್ತೀರಲ್ಲ, ಅದೇ ಚಲನೆ. ಮೊಣಕೈ ಮೇಲೆ ಕೆಳಗೆ ಆಡುತ್ತಿದ್ದರೆ ಐದೇ ನಿಮಿಷಕ್ಕೆ ಮುಂಗೈ ಬಿಗಿಯುತ್ತದೆ. ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು ನುಡಿಸಿ ನೋಡಿ, ಗೊತ್ತಾಗುತ್ತದೆ.

ಬರೀ ಪೆಟ್ಟು

ಚರ್ಮದ ಮಧ್ಯಕ್ಕೂ ಅಂಚಿಗೂ ನಡುವಿನ ಜಾಗದಲ್ಲಿ ಕೋಲಿನ ತುದಿ ಸವರಿಕೊಂಡು ಕೆಳಗೆ ಹೋಗಲಿ, ಸವರಿಕೊಂಡೇ ಮೇಲೆ ಬರಲಿ. ತುದಿ ಚುಚ್ಚಬಾರದು. ಫೋನಿನ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಟಿಕ್‌ಗೆ ಎರಡು ಪೆಟ್ಟು: ಕೆಳಗೆ, ಮೇಲೆ. ಇದು ಸಲೀಸಾದ ಮೇಲೆ ಟಿಕ್‌ಗೆ ನಾಲ್ಕು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಭಾನುವಾರ ಒಂದೇ ದಿನ ಎರಡು ಗಂಟೆ ಕುಳಿತರೆ ಹೆಬ್ಬೆರಳಿನಲ್ಲಿ ಬೊಬ್ಬೆ ಬರುತ್ತದೆ, ಕೈ ಕಲಿಯುವುದಿಲ್ಲ.

ಪರೀಕ್ಷೆ ಹೀಗೆ: ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಯಾವುದು ಕೆಳಪೆಟ್ಟು, ಯಾವುದು ಮೇಲ್ಪೆಟ್ಟು ಎಂದು ನಿಮ್ಮ ಕಿವಿಗೇ ಗೊತ್ತಾಗಬಾರದು. ಡುಂ-ಟಿಕ್ ಡುಂ-ಟಿಕ್ ಅಂತ ಕೇಳಿದರೆ ಮೇಲ್ಪೆಟ್ಟು ಸೊರಗಿದೆ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಮಣಿಕಟ್ಟು ಸಾಕಷ್ಟು ಮಡಿಸಿಲ್ಲ. ಹೆಬ್ಬೆರಳು ಕೋಲನ್ನು ಹಿಸುಕುತ್ತಿದೆ. ಇಲ್ಲವೇ ಕೆಳಗೆ ಹೋದ ಕೋಲು ಚರ್ಮದಿಂದ ತೀರಾ ದೂರ ಸರಿದು ವಾಪಸಾಗುತ್ತಿದೆ. ಬೆರಳು ಸಡಿಲಿಸಿದರೆ ಕೋಲು ಜಾರುತ್ತದೆ ಎನ್ನುವವರು ಹಿಡಿಯುವ ಜಾಗಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳಲಿ.

ಜಿಗ್

ಜಿಗ್ ಅಂದರೆ ಐರಿಶ್ ಕುಣಿತದ ಒಂದು ನಡೆ, ತಾಳ 6/8, ಸುತ್ತಿಗೆ ಆರು ಪೆಟ್ಟು. ಬಾಯಲ್ಲಿ ಹೇಳುವುದಾದರೆ ತಕಿಟ ತಕಿಟ. ಒತ್ತು ಬೀಳುವುದು ಎರಡು ‘ತ’ಗಳ ಮೇಲೆ. ಕೆಳಪೆಟ್ಟಿಗೆ ‘ಕೆ’, ಮೇಲ್ಪೆಟ್ಟಿಗೆ ‘ಮೇ’ ಎಂದು ಬರೆದುಕೊಂಡರೆ ಸಾಲು ಹೀಗಾಗುತ್ತದೆ:

ತ ಕಿ ಟ – ತ ಕಿ ಟ
ಕೆ ಮೇ ಕೆ – ಮೇ ಕೆ ಮೇ

ಎರಡನೆಯ ‘ತ’ ನೋಡಿ, ಅದು ಮೇಲ್ಪೆಟ್ಟಿಗೆ ಬಿದ್ದಿದೆ. ಜಿಗ್‌ನ ಕಷ್ಟವೆಲ್ಲ ಈ ಒಂದು ಪೆಟ್ಟಿನಲ್ಲಿದೆ. ಕೈ ತನ್ನಷ್ಟಕ್ಕೆ ಕೆಳಪೆಟ್ಟುಗಳಿಗೇ ಒತ್ತು ಕೊಡುತ್ತದೆ. ಆಗ ಆರು ಪೆಟ್ಟು ಎರಡೆರಡರಂತೆ ಮೂರು ಗುಂಪಾಗಿ ಒಡೆದು, ಜಿಗ್ ಹೋಗಿ 3/4 ಆಗುತ್ತದೆ. ನುಡಿಸುವವರಿಗೆ ಇದು ತಿಳಿಯುವುದಿಲ್ಲ, ಪಕ್ಕದಲ್ಲಿ ಕೊಳಲು ಹಿಡಿದವರಿಗೆ ತಕ್ಷಣ ತಿಳಿಯುತ್ತದೆ.

ಸರಿಪಡಿಸಲು ಮೊದಲು ಒಂದನೆಯ ಪೆಟ್ಟಿನ ಒತ್ತನ್ನು ಬಿಟ್ಟೇಬಿಡಿ. ಐದು ಪೆಟ್ಟು ಮೆಲ್ಲಗೆ, ನಾಲ್ಕನೆಯದು ಮಾತ್ರ ಜೋರು. ಬಾಯಲ್ಲಿ ತಕಿಟ ಹೇಳುತ್ತಲೇ ಇರಬೇಕು. ಮೆಟ್ರೋನೋಮ್ 60, ಟಿಕ್‌ಗೆ ಒಂದು ತಕಿಟ. ಒಂದು ವಾರ ಇದನ್ನೇ ಮಾಡಿ, ಆಮೇಲೆ ಒಂದನೆಯ ಪೆಟ್ಟಿನ ಒತ್ತನ್ನು ವಾಪಸ್ ತನ್ನಿ. ಬಳಿಕ ನಾಲ್ಕು ನಾಲ್ಕರಂತೆ ವೇಗ ಏರಿಸಿ. ಕುಣಿತದ ಜಿಗ್‌ನಲ್ಲಿ ನಿಮಿಷಕ್ಕೆ ಸುಮಾರು 115 ತಕಿಟ ಇರುತ್ತವೆ, ಲೆಕ್ಕ ಹಾಕಿದರೆ 345 ಪೆಟ್ಟು. 90ರಲ್ಲಿ ಒತ್ತು ಕಳೆದುಹೋದರೆ 86ಕ್ಕೆ ಇಳಿಯಿರಿ, ಹಟ ಬೇಡ.

ಕೆ ಮೇ ಕೆ – ಕೆ ಮೇ ಕೆ ಎಂದು ಎರಡೂ ‘ತ’ಗಳನ್ನು ಕೆಳಪೆಟ್ಟಿಗೇ ತರುವ ದಾರಿಯೂ ಇದೆ, ಚೆನ್ನಾಗಿ ನುಡಿಸುವವರೂ ಅದನ್ನು ಬಳಸುತ್ತಾರೆ. ಆದರೆ ಎರಡು ಕೆಳಪೆಟ್ಟು ಬೆನ್ನುಬೆನ್ನಿಗೆ ಬಂದಾಗ ಹೊಸಬರ ಕೈ ವೇಗದಲ್ಲಿ ತಡವರಿಸುತ್ತದೆ. ಮೊದಲು ಸರದಿಯ ಪೆಟ್ಟು ಕಲಿತು, ಇದನ್ನು ಆಮೇಲೆ ಸೇರಿಸಿಕೊಳ್ಳುವುದೇ ಮೇಲು.

ಇನ್ನೊಂದು ಸೂಕ್ಷ್ಮ: ಜಿಗ್‌ನ ತಕಿಟ ನಮ್ಮ ತಿಶ್ರ ನಡೆಯಷ್ಟು ಅಳೆದು ಕತ್ತರಿಸಿದ್ದಲ್ಲ. ‘ತ’ ಕೂದಲೆಳೆಯಷ್ಟು ಉದ್ದ, ‘ಕಿ’ ಅಷ್ಟೇ ಗಿಡ್ಡ. ಇದು ಪಾಠದಿಂದ ಬರುವುದಕ್ಕಿಂತ ಹೆಚ್ಚಾಗಿ ಕೇಳಿ ಕೇಳಿ ಬರುತ್ತದೆ. ಡಿ ಡ್ಯಾನನ್ ತಂಡದ ಜಾನಿ ‘ರಿಂಗೋ’ ಮ್ಯಾಕ್‌ಡೊನಾ, ಟಾಮಿ ಹೇಯ್ಸ್, ಫ್ಲುಕ್ ತಂಡದ ಜಾನ್ ಜೋ ಕೆಲ್ಲಿ ಇವರ ಬೌರಾನ್ ವಾದನ ಕೇಳಿ.

ರೀಲ್, ಸ್ಲಿಪ್ ಜಿಗ್

ರೀಲ್ ಕುಣಿತದ ಇನ್ನೊಂದು ನಡೆ, ಅದರ ಲೆಕ್ಕ ಸುಲಭ: ತಕಧಿಮಿ ತಕಧಿಮಿ, ಕೆ ಮೇ ಕೆ ಮೇ. ಒತ್ತು ಎಂದಿಗೂ ಕೆಳಪೆಟ್ಟಿಗೇ. ಕಷ್ಟ ವೇಗದ್ದು, ನಿಮಿಷಕ್ಕೆ 110 ತಕಧಿಮಿ ಅಂದರೆ 440 ಪೆಟ್ಟು. ಅಷ್ಟನ್ನೂ ಜೋರಾಗಿ ನುಡಿಸಿದರೆ ಹಂಚಿನ ಮೇಲೆ ಆಲಿಕಲ್ಲು ಸುರಿದ ಸದ್ದು. ಕೈ ಓಡುತ್ತಲೇ ಇರಲಿ, ಆದರೆ ಕೆಲವು ಪೆಟ್ಟು ಚರ್ಮಕ್ಕೆ ತಾಗದೆ ಗಾಳಿಯಲ್ಲೇ ಹೋಗಲಿ. ಕೈ ನಿಂತಿತೋ, ಮುಂದಿನ ಪೆಟ್ಟು ತಡ. ಎಂಟಕ್ಕೊಮ್ಮೆ ಒತ್ತನ್ನು ‘ತ’ದಿಂದ ‘ಧಿ’ಗೆ ಸರಿಸಿದರೆ ನಡೆಗೆ ಒಂದು ನೂಕು ಸಿಗುತ್ತದೆ.

ಸ್ಲಿಪ್ ಜಿಗ್ 9/8. ಒಂಬತ್ತು ಎಂದ ಕೂಡಲೇ ಕರ್ನಾಟಕ ಸಂಗೀತ ಕಲಿತವರು ಸಂಕೀರ್ಣ ನಡೆಯ ನಾಲ್ಕು-ಐದಕ್ಕೆ ಹೋಗುತ್ತಾರೆ. ಇಲ್ಲಿ ಅದಲ್ಲ, ಮೂರು ತಕಿಟ ಅಷ್ಟೇ. ಒಂಬತ್ತು ಬೆಸ ಸಂಖ್ಯೆಯಾದ್ದರಿಂದ ಸರದಿಯಲ್ಲಿ ನುಡಿಸಿದರೆ ಒಂದು ಸುತ್ತು ಕೆಳಪೆಟ್ಟಿನಿಂದ ಶುರುವಾದರೆ ಮುಂದಿನದು ಮೇಲ್ಪೆಟ್ಟಿನಿಂದ ಶುರುವಾಗುತ್ತದೆ. ಜಿಗ್‌ನ ನಾಲ್ಕನೆಯ ಪೆಟ್ಟು ಗಟ್ಟಿಯಾಗಿದ್ದರೆ ಇದು ತೊಂದರೆ ಕೊಡುವುದಿಲ್ಲ.

ಎಡಗೈ

ಎಡಗೈ ಪೂರ್ತಿ ಬಿಟ್ಟರೆ ಚರ್ಮ ಗುಂಯ್ಗುಡುತ್ತದೆ, ಕೊಳಲು ಪಿಟೀಲು ಮುಳುಗುತ್ತವೆ. ಅಂಗೈ ಪೂರ್ತಿ ಒತ್ತಿದರೆ ರಟ್ಟು. ಕೈಯ ಕಿರುಬೆರಳಿನ ಕಡೆಯ ಅಂಚನ್ನು ಚರ್ಮದ ಕೆಳಭಾಗಕ್ಕೆ ಅಡ್ಡಲಾಗಿ ತಾಗಿಸಿ, ಪೆಟ್ಟು ಬೀಳುವ ಜಾಗದ ಕಡೆಗೆ ನಿಧಾನ ಮೇಲಕ್ಕೆ ಜಾರಿಸಿ. ಕಂಪಿಸುವ ಜಾಗ ಕಿರಿದಾದಷ್ಟೂ ಸ್ವರ ಏರುತ್ತದೆ. ಮೊದಲು ಮೂರೇ ನೆಲೆ ಗುರುತಿಸಿಕೊಳ್ಳಿ: ಕೆಳಗೆ, ನಡುವೆ, ಮೇಲೆ. ಒಂದು ಸುತ್ತಿಗೆ ಒಂದು ನೆಲೆ. ಕೈಯೆರಡೂ ಒಟ್ಟಿಗೆ ಹೊರಟು ಬಲಗೈ ಲಯ ತಪ್ಪಿದರೆ, ಎಡಗೈಯನ್ನು ಒಂದೇ ಕಡೆ ಇಟ್ಟು ಇನ್ನೊಂದು ವಾರ ಕಾಯಿರಿ.

ಕೋಲಿನ ಹಿಂತುದಿಯನ್ನೂ ಬಳಸಿ ನುಡಿಸುವ ಮೂರರ ಉರುಳು ಐರ್ಲೆಂಡಿನ ಕೆರ್ರಿ ಪ್ರಾಂತ್ಯದ ಶೈಲಿಯದು. ಕೆಳಪೆಟ್ಟಿನ ಓಟದಲ್ಲೇ ಮುಂಗೈ ಇನ್ನಷ್ಟು ತಿರುಗಿ ಹಿಂತುದಿ ಚರ್ಮಕ್ಕೆ ತಾಗುತ್ತದೆ, ಕೂಡಲೇ ಮುಂತುದಿ ಮೇಲೇರುತ್ತದೆ. ಇದಕ್ಕೆ ಕೋಲನ್ನು ಸರಿಯಾಗಿ ನಡುವಿನಲ್ಲಿ ಹಿಡಿಯಬೇಕು. ಅವಸರವೇನಿಲ್ಲ.

ಹಾಡಿನ ಜೊತೆ

ಸಾಮಾನ್ಯವಾಗಿ ಒಂದು ಧುನ್‌ಗೆ, ಅಂದರೆ ಕುಣಿತದ ಮಟ್ಟಿಗೆ, ಎರಡು ಭಾಗ, ಒಂದೊಂದು ಭಾಗ 8 ಬಾರ್ (ಜಿಗ್‌ನಲ್ಲಿ ಎರಡು ತಕಿಟ, ರೀಲ್‌ನಲ್ಲಿ ಎರಡು ತಕಧಿಮಿ ಸೇರಿ ಒಂದು ಬಾರ್), ಎರಡನ್ನೂ ಎರಡೆರಡು ಸಲ ನುಡಿಸುತ್ತಾರೆ. ಜಿಗ್ ಆಗಲಿ ರೀಲ್ ಆಗಲಿ, ಬಾರ್‌ಗೆ ಎರಡು ಎಣಿಕೆ ಇಟ್ಟರೆ ಒಂದು ಭಾಗ ಆದಿತಾಳದ ಎರಡು ಆವರ್ತ. ಇಡೀ ಧುನ್ ಎಂಟು ಆವರ್ತ. ವಾದ್ಯ ಮುಟ್ಟದೆ ಮೊದಲು ಕೈಯಲ್ಲಿ ತಾಳ ಹಾಕುತ್ತ ಕೇಳಿ. ಭಾಗ ಎಲ್ಲಿ ತಿರುಗುತ್ತದೆ ಎಂದು ಮುಂಚೆಯೇ ಗೊತ್ತಾಗುವವರೆಗೆ ನುಡಿಸಬೇಡಿ.

ಇಲ್ಲಿ ತನಿ ಆವರ್ತನದ ಲೆಕ್ಕಾಚಾರಕ್ಕೆ ಜಾಗವಿಲ್ಲ, ಮುಕ್ತಾಯ ಹಾಕುವ ಆಸೆ ಬಿಡಬೇಕು. ಬೌರಾನ್ ಧುನ್‌ನ ಹಿಂದೆ ನಡೆಯುವ ವಾದ್ಯ. ಐರ್ಲೆಂಡಿನಲ್ಲಿ ಡಿಸೆಂಬರ್ 26ರ ಹಬ್ಬದ ಮೆರವಣಿಗೆಯಲ್ಲಿ ಬಡಿಯುತ್ತಿದ್ದ ಇದನ್ನು ವೇದಿಕೆಯ ವಾದ್ಯವೃಂದಕ್ಕೆ ತಂದು ಪ್ರಸಿದ್ಧಿ ಕೊಟ್ಟವರು 1960ರ ದಶಕದಲ್ಲಿ ಸಂಗೀತ ಸಂಯೋಜಕ ಶಾನ್ ಓ ರಿಯಾಡ. ಇಂದಿಗೂ ಅಲ್ಲಿನ ಬೈಠಕ್‌ಗಳಲ್ಲಿ ಒಂದು ಸಲಕ್ಕೆ ಒಂದೇ ಬೌರಾನ್ ಇರಲಿ ಎನ್ನುವುದು ಮರ್ಯಾದೆ. ಕೊನೆಯ ಪೆಟ್ಟಿನ ಜೊತೆಗೇ ಎಡ ಅಂಗೈಯನ್ನು ಚರ್ಮಕ್ಕೆ ಒತ್ತಿ ಸದ್ದು ನಿಲ್ಲಿಸಿ.

ಮಳೆ, ಬಿಸಿಲು, ಚರ್ಮ

ಆಡಿನ ಚರ್ಮ ಗಾಳಿಯ ತೇವ ಹೀರಿ ಸಡಿಲವಾಗುತ್ತದೆ, ಒಣಹವೆಗೆ ಬಿಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದ ಕಡೆ ದಿನವೂ ತಿರುಪು ಮುಟ್ಟಬೇಕಾಗುತ್ತದೆ. ಒಂದು ತಿರುಪಿಗೆ ಕಾಲು ಸುತ್ತು, ಆಮೇಲೆ ಅದರ ಎದುರಿನದಕ್ಕೆ ಕಾಲು ಸುತ್ತು, ಹೀಗೆ ಸುತ್ತ ಬನ್ನಿ. ಒಂದೇ ಕಡೆ ಬಿಗಿದರೆ ಚರ್ಮ ಓರೆಯಾಗಿ ಎಳೆದು, ಅಂಚಿನಲ್ಲಿ ಎರಡು ಸ್ವರ ಕೇಳುತ್ತದೆ. ತಿರುಪು ಸಾಲದಿದ್ದರೆ ಹೇರ್ ಡ್ರೈಯರನ್ನು ಒಂದಡಿ ದೂರದಿಂದ ಆಡಿಸುತ್ತ ಒಂದೆರಡು ನಿಮಿಷ ಬಿಸಿಗಾಳಿ ಕೊಡಿ. ತಮಟೆಯ ಹಾಗೆ ಬೆಂಕಿಗೆ ಹಿಡಿಯಬೇಡಿ. ಚರ್ಮ ತೆಳು, ಬಳೆಯ ಅಂಟೂ ಬಿಡುತ್ತದೆ. ಹೊಗೆಯಟ್ಟದ ಮೇಲಿಡುವುದೂ ಅಷ್ಟೇ ಕೆಟ್ಟದ್ದು.

ಬೂಷ್ಟು ಬಂದರೆ ಒಣಬಟ್ಟೆಯಿಂದ ಒರೆಸಿ ಗಾಳಿಯಾಡುವ ಕಡೆ ನೇತುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮತ್ತೆ ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಚರ್ಮ ಭಾರವಾಗಿ ಸದ್ದು ಸತ್ತುಹೋಗುತ್ತದೆ, ಜಿರಲೆ ಇಲಿಗಳಿಗೂ ಆಹ್ವಾನ. ಮಳೆಗಾಲದಲ್ಲೇ ಹೆಚ್ಚು ನುಡಿಸುವವರಿಗೆ ಸಿಂಥೆಟಿಕ್ ಹೊದಿಕೆಯ ಬೌರಾನ್ ಕೂಡ ಸಿಗುತ್ತದೆ, ರೆಮೊ ಕಂಪನಿಯದು ಒಂದು. ನಾದ ಸ್ವಲ್ಪ ತೆಳು, ಆದರೆ ಹವೆಗೆ ಬಗ್ಗುವುದಿಲ್ಲ.

ಮಾರ್ಚ್-ಏಪ್ರಿಲ್‌ನಲ್ಲಿ ಅರಸೀಕೆರೆ, ಕಡೂರಿನ ಕಡೆ ಉಲ್ಟಾ ಸಮಸ್ಯೆ. ಚರ್ಮ ಬಿಗಿದು ಟಣ್ ಅನ್ನುತ್ತದೆ. ಮೊದಲು ತಿರುಪು ಸಡಿಲಿಸಿ. ಆಗಲೂ ಇಳಿಯದಿದ್ದರೆ ಬೆರಳು ಒದ್ದೆ ಮಾಡಿಕೊಂಡು ಒಳಬದಿಗೆ ತೆಳುವಾಗಿ ಸವರಿ, ಹತ್ತು ನಿಮಿಷ ಬಿಟ್ಟು ನೋಡಿ. ಅಂಚಿನ ಕಿರಿಕಿರಿ ಸದ್ದಿಗೆ ಹೊರಮುಖದ ಅಂಚಿನಗುಂಟ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಬಹುದು.

ಚರ್ಮ ನುಡಿಸುವಾಗ ಮಾತ್ರವಲ್ಲ, ಪ್ರಯಾಣದಲ್ಲೂ ಹರಿಯಬಹುದು. ಮಳೆಯಲ್ಲಿ ಮೂಡಿಗೆರೆಯಲ್ಲಿ ಬಿಗಿದ ಬೌರಾನನ್ನು ಹಾಗೇ ಕಾರಿನಲ್ಲಿಟ್ಟು ಕಡೂರಿಗೆ ಒಯ್ದರೆ, ದಾರಿಯಲ್ಲೇ ಒಣಗಿ ಇನ್ನಷ್ಟು ಎಳೆಯುತ್ತದೆ. ನುಡಿಸಿ ಮುಗಿದ ಕೂಡಲೇ ಎಲ್ಲ ತಿರುಪುಗಳನ್ನೂ ಅರ್ಧದಿಂದ ಒಂದು ಸುತ್ತು ಸಡಿಲಿಸಿ, ಅಲೆನ್ ಕೀಯನ್ನು ಚೀಲದ ಜೇಬಿಗೇ ಹಾಕಿಡಿ.