ಮಳೆಗಾಲದಲ್ಲೂ ಮೂರ್ಛೆರೋಗದ ಮಾತ್ರೆಯ ಕ್ರಮ ತಪ್ಪದಿರಲು

ಮೂರ್ಛೆರೋಗದ ಮಾತ್ರೆ ರೋಗವನ್ನು ಬೇರುಸಹಿತ ಕೀಳುವ ಔಷಧವಲ್ಲ. ರಕ್ತದಲ್ಲಿ ತಕ್ಕ ಪ್ರಮಾಣದಲ್ಲಿ ಇರುವಷ್ಟು ಕಾಲ ಮಾತ್ರ ಅದು ಮೂರ್ಛೆಯನ್ನು ತಡೆಯುತ್ತದೆ. ಇದನ್ನು ಮನಗಂಡರೆ ವೈದ್ಯರು ಹೇಳುವ ಉಳಿದ ನಿಯಮಗಳ ಕಾರಣವೂ ತಿಳಿಯುತ್ತದೆ.

ಮಿದುಳಿನ ಅನೇಕ ನರಕೋಶಗಳು ಅಂಕೆ ಮೀರಿ ಒಟ್ಟಿಗೇ ವಿದ್ಯುತ್ ಸಂಕೇತ ಹೊಮ್ಮಿಸಿದಾಗ ಕೈಕಾಲು ಸೆಳೆಯುತ್ತವೆ, ಎಚ್ಚರ ತಪ್ಪುತ್ತದೆ, ಕೆಲವರಿಗೆ ದೃಷ್ಟಿ ಕ್ಷಣಕಾಲ ನೆಟ್ಟುಹೋಗುತ್ತದೆ. ಫಿನಿಟಾಯಿನ್, ಕಾರ್ಬಮಜೆಪಿನ್ ಎಂಬ ಮಾತ್ರೆಗಳು ನರಕೋಶಕ್ಕೆ ಸೋಡಿಯಂ ನುಗ್ಗುವ ದ್ವಾರಗಳಿಗೆ ತಡೆಯೊಡ್ಡಿ, ಸಂಕೇತಗಳು ಒಂದರ ಹಿಂದೊಂದು ಹೊಮ್ಮದಂತೆ ಮಾಡುತ್ತವೆ. ಫಿನೊಬಾರ್ಬಿಟೋನ್, ಕ್ಲೋಬಜಾಮ್‌ಗಳು ಮಿದುಳಿನಲ್ಲೇ ಇರುವ ಗಾಬಾ ಎಂಬ ಶಮನಕಾರಿ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ಸರಿಯಾದ ಔಷಧ ಕ್ರಮವಾಗಿ ಸಿಕ್ಕರೆ 100ರಲ್ಲಿ ಸುಮಾರು 70 ಮಂದಿ ಮೂರ್ಛೆಯಿಲ್ಲದೆ ಬದುಕಬಲ್ಲರು.

ಮಾತ್ರೆಯನ್ನು 'ಊಟವಾದ ಮೇಲೆ' ಎಂದುಕೊಳ್ಳದೆ ಗಡಿಯಾರ ನೋಡಿ ತೆಗೆದುಕೊಳ್ಳಬೇಕು, ಏಕೆಂದರೆ ಮದುವೆ, ಯಕ್ಷಗಾನದ ದಿನ ಊಟದ ಹೊತ್ತು ಎಲ್ಲಿಗೋ ಹೋಗುತ್ತದೆ. ಒಂದು ಹೊತ್ತು ಮರೆತರೆ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಬೇಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಿಜವಾದ ಪರೀಕ್ಷೆ ಮಳೆಗಾಲದ್ದು. ದೇವಿಮನೆ ಘಟ್ಟದಲ್ಲಿ ಧರೆ ಕುಸಿದು ರಸ್ತೆ ಮುಚ್ಚಿದರೆ ಹುಬ್ಬಳ್ಳಿಯಿಂದಲೋ ಶಿರಸಿಯಿಂದಲೋ ಔಷಧ ತರಿಸುವ ಕರಾವಳಿಯವರು ಕೈಕಟ್ಟಿ ಕೂರಬೇಕಾಗುತ್ತದೆ. ಆದ್ದರಿಂದ ಜೂನ್‌ಗೆ ಮೊದಲೇ ಒಂದು ತಿಂಗಳಿನಷ್ಟು ಹೆಚ್ಚು ಮಾತ್ರೆ ಬರೆಸಿಕೊಂಡು ಇಟ್ಟಿರಬೇಕು. ಇಟ್ಟರಷ್ಟೇ ಸಾಲದು. ಕಾರವಾರ, ಕುಮಟಾ, ಹೊನ್ನಾವರಗಳ ತೇವದ ಗಾಳಿಯಲ್ಲಿ ಸೋಡಿಯಂ ವಾಲ್‌ಪ್ರೊಯೇಟ್ ಎಂಬ ಮೂರ್ಛೆರೋಗದ ಮಾತ್ರೆ ನೀರು ಹೀರಿ ಮೆತ್ತಗಾಗುತ್ತದೆ. ತೇವ ಹಿಡಿದ ಕಾರ್ಬಮಜೆಪಿನ್ ಮಾತ್ರೆ ಗಟ್ಟಿಯಾಗಿ ಸರಿಯಾಗಿ ಕರಗದೆ, ತನ್ನ ಪರಿಣಾಮದ ಮೂರನೇ ಒಂದು ಭಾಗವನ್ನೇ ಕಳೆದುಕೊಳ್ಳಬಹುದು. ಮಾತ್ರೆ ತಪ್ಪಿಸದೆ ನುಂಗಿದರೂ ಮೂರ್ಛೆ ಬಂತೆಂದು ಕಂಗಾಲಾಗುವವರು ಮೊದಲು ಅದನ್ನು ಎಲ್ಲಿಟ್ಟಿದ್ದೆವೆಂದು ನೋಡಿಕೊಳ್ಳುವುದು ಒಳ್ಳೆಯದು. ಎಲ್ಲ ಮಾತ್ರೆಗಳನ್ನೂ ಬಿಡಿಸಿ ಒಂದೇ ಡಬ್ಬಿಗೆ ಸುರಿಯುವ ಅಚ್ಚುಕಟ್ಟುತನ ಇಲ್ಲಿ ನಡೆಯದು. ಮಾತ್ರೆ ನುಂಗುವ ಹೊತ್ತಿನವರೆಗೆ ತನ್ನ ಹಾಳೆಯಲ್ಲೇ (ಸ್ಟ್ರಿಪ್) ಇರಲಿ. ಆ ಹಾಳೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಬಚ್ಚಲು ಮತ್ತು ಒಲೆಯಿಂದ ದೂರವಿರಲಿ.

ಮೂರ್ಛೆ ನಿಂತಿತೆಂದು ತಾವಾಗಿಯೇ ಮಾತ್ರೆ ಬಿಡುವುದು ಅಪಾಯಕರ. ತಟ್ಟನೆ ಬಿಟ್ಟರೆ ಒಂದರ ಮೇಲೊಂದು ಮೂರ್ಛೆ ಬರಬಹುದು. ಸಾಮಾನ್ಯವಾಗಿ ಕನಿಷ್ಠ 2 ವರ್ಷ ಮೂರ್ಛೆ ಬಾರದಿದ್ದರೆ ಮಾತ್ರ ವೈದ್ಯರು ಪ್ರಮಾಣ ಇಳಿಸುವ ಯೋಚನೆ ಮಾಡುತ್ತಾರೆ, ಅದೂ ನಿಧಾನವಾಗಿ. ವಾಲ್‌ಪ್ರೊಯೇಟ್ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದಾದ್ದರಿಂದ ಮಗುವಿನ ಯೋಚನೆಯಿರುವವರು ಮುಂಚಿತವಾಗಿಯೇ ವೈದ್ಯರೊಡನೆ ಮಾತಾಡಬೇಕು. ಹೊಸ ಮಾತ್ರೆ ಶುರುವಾದ ವಾರಗಳಲ್ಲಿ ಜ್ವರದೊಂದಿಗೆ ಮೈಮೇಲೆ ಗಂಧೆ ಎದ್ದರೆ ಅಂದೇ ತೋರಿಸಬೇಕು.

ಮೂರ್ಛೆ ಹತೋಟಿಗೆ ಬಂದಿದೆಯೆಂದು ವೈದ್ಯರು ಹೇಳುವವರೆಗೆ ಕೊನೆ ಕೊಯ್ಯಲು ಅಡಿಕೆ ಮರ ಹತ್ತುವುದು, ಒಬ್ಬರೇ ದೋಣಿ ಇಳಿಸುವುದು, ವಾಹನ ಓಡಿಸುವುದು ಬೇಡ. ಮೂರ್ಛೆ ಬಂದವರನ್ನು ಪಕ್ಕಕ್ಕೆ ಹೊರಳಿಸಿ. ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ನೀರು ಹಾಕಬೇಡಿ. ಸೆಳೆತ 5 ನಿಮಿಷ ಮೀರಿದರೆ 108ಕ್ಕೆ ಕರೆಮಾಡಿ.